ಮಲ್ಲೇಶ್ವರದಿಂದ ಬಾರದ ಗಾಲಿಕುರ್ಚಿ

ಚಾಮರಾಜಪೇಟೆಯಲ್ಲಿ ನಾವು ರೋಗಿಗಳ ಸಾಮಾನು ಬಾಡಿಗೆಗೆ ಎಂದು ಬೋರ್ಡು ಹಾಕಿದ ಮೂರನೆಯ ದಿನ, ಜರಿಪೇಟದ ದೊಡ್ಡ ಮನುಷ್ಯರೊಬ್ಬರು ನಮ್ಮ ಹಿತ್ತಿಲ ಬಾಗಿಲು ತಟ್ಟಿದರು. ಮುಂಬಾಗಿಲು ತೆರೆದೇ ಇತ್ತು. "ಮೆತ್ತಗೆ ಮಾತಾಡಿ" ಎಂದು ಅತ್ತಿತ್ತ ನೋಡಿ ಅವರು ಕೇಳಿದ್ದು ಒಂದು ಬೆಡ್‌ಪ್ಯಾನು! ಹಾಸಿಗೆ ಬಿಟ್ಟು ಏಳಲಾರದ ರೋಗಿಗೆ ಕೆಳಗೆ ಇಡುವ ಬೋಗುಣಿ ಅದು. ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ನಾಲ್ಕು ಬಾಳೆಎಲೆ ಹೊದಿಸಿ, ಸಮಾರಾಧನೆಗೆ ಎಲೆ ಒಯ್ಯುವವರ ಹಾಗೆ ಹೊರಟರು. ಬಾಡಿಗೆಯನ್ನು ಮೊದಲೇ ಕೈಗಿಟ್ಟಿದ್ದರೂ ಇದರಲ್ಲಿ ಏನೋ ಕಳ್ಳತನವಿದೆ ಎಂದೇ ನನಗೆ ಅನ್ನಿಸಿತು.

ಗದಗಿನ ಕಡೆ ಊರಿನಲ್ಲೇ ಇರುವ ನಿಮಗೆ ಇದು ತಿಳಿಯುವುದು ಕಷ್ಟ. ನಮ್ಮಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಓಣಿಗೆ ಓಣಿಯೇ ಬಂದು ಕೂಡುತ್ತದೆ. ರೋಗಕ್ಕಿಂತ ಗಂಜಿ ತಂದವರ ಕಾಟವೇ ಹೆಚ್ಚು. ಇಲ್ಲಿ ಕಾಯಿಲೆ ಮನೆಯ ಗುಟ್ಟು. ಮದುವೆಗೆ ಬಂದ ಮಗಳಿದ್ದರಂತೂ ಮುಗಿಯಿತು, ಅಜ್ಜನ ಲಕ್ವ ಗಂಡಿನ ಕಡೆಯವರ ಕಿವಿಗೆ ಬೀಳಲೇಬಾರದು. ಹೀಗೆ ಮುಚ್ಚಿಡುವ ಜನರನ್ನು ಹೇಗೆ ನಂಬುವುದು? ನಾನು ಮೊದಲೇ ಸಂಶಯ ಪಿಶಾಚಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವ್ವ ಹೇಳಿಕೊಟ್ಟಿದ್ದನ್ನು ಈ ಊರಿನಲ್ಲಿ ದಿನಕ್ಕೆ ಹತ್ತು ಸಲ ನೆನೆಯುತ್ತಿದ್ದೆ.

ನಮ್ಮ ಮನೆಯವರು ಯುದ್ಧದ ಕಾಲಕ್ಕೆ ದಂಡಿನಲ್ಲಿ ಕಾಂಪೌಂಡರ್ ಆಗಿದ್ದರು. ದಂಡು ಎಂದರೆ ಇಲ್ಲಿಯವರ ಬಾಯಲ್ಲಿ ಕಂಟೋನ್ಮೆಂಟು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಆಸ್ಪತ್ರೆಯ ಸಾಮಾನು ಕೊಂಡು, ನನ್ನನ್ನೂ ಊರಿನಿಂದ ಕರೆಸಿಕೊಂಡರು. ಎನಿಮಾ ಡಬ್ಬಿ, ರಬ್ಬರ್ ಹಾಸು, ಬಿಸಿನೀರಿನ ಚೀಲ, ಊರುಗೋಲು. ಇವೆಲ್ಲ ವಠಾರದ ಮುಂಗೋಣೆಯಲ್ಲಿ. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಆರೇಳು ಮನೆಗಳ ಸಾಲು. ನನ್ನ ರೊಟ್ಟಿ ಬಡಿಯುವ ಸದ್ದಿಗೆ ಮೊದಲ ವಾರ ಐದು ಮನೆಯವರು ಬಂದು ಇಣುಕಿದ್ದರು. ನಮ್ಮ ಮನೆಯವರು ಹಗಲು ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದರಿಂದ ಬಾಡಿಗೆಯ ವ್ಯವಹಾರ ನನ್ನದು. "ಈ ಮಳಿಗಾಲದಾಗ ನಾಕು ಮನಿ ನಂಬಿಗಿ ಗಳಿಸಬೇಕು. ಇಲ್ಲಾಂದ್ರ ಗಂಟು ಮೂಟಿ ಕಟ್ಟೂದ" ಎಂದಿದ್ದರು. ನನಗೆ ಸೋತು ಮರಳುವುದು ಬೇಕಿರಲಿಲ್ಲ.

ನಮ್ಮ ಬಳಿ ಇದ್ದ ಬೆಲೆಯುಳ್ಳ ಮಾಲೆಂದರೆ ಬೆತ್ತ ಹೆಣೆದ ಒಂದೇ ಒಂದು ಗಾಲಿಕುರ್ಚಿ. ಅದನ್ನು ಮಲ್ಲೇಶ್ವರದ ಶ್ಯಾಮರಾಯರು ತಮ್ಮ ತಾಯಿಗಾಗಿ ಒಂದು ತಿಂಗಳಿಗೆ ಒಯ್ದರು. ದಿಂಬು ಕೂರಿಸಿಕೊಡಲು ನಾನೇ ಜಟಕಾದಲ್ಲಿ ಹೋಗಿದ್ದೆ. ಅಲ್ಲಿ ಬೀದಿಗಳಿಗೆ ಹೆಸರಿಲ್ಲ, ಎಂಟನೇ ಕ್ರಾಸು, ಒಂಬತ್ತನೇ ಕ್ರಾಸು ಎಂದು ನಂಬರು. ಆ ಮುದುಕಿ ಕುರ್ಚಿಯಲ್ಲಿ ಕೂತವರೇ, "ಊಟ ಆಯ್ತೇನಮ್ಮ?" ಎಂದು ಕೇಳಿದರು. ಈ ಊರಿನಲ್ಲಿ ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊರಡುವಾಗ ಅವರ ಸೊಸೆ, ರಾಯರ ಹೆಂಡತಿ, ಕುಂಕುಮ ಕೊಟ್ಟರು. ಮುತ್ತೈದೆ ಹೊರಟಾಗ ಕುಂಕುಮ ಕೊಡದೆ ಕಳಿಸುವುದಿಲ್ಲ ಎಂಬುದು ಇಲ್ಲಿಯವರ ರೀತಿ.

ತಿಂಗಳು ಕಳೆದರೂ ಕುರ್ಚಿ ಬರಲಿಲ್ಲ. ಅಷ್ಟರಲ್ಲಿ ಬಳೇಪೇಟೆಯ ಬಳೆ ವ್ಯಾಪಾರಿ ಬಸಪ್ಪನವರು ಬಂದರು. ಅವರ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು; ಸೋಮವಾರ ಆಸ್ಪತ್ರೆಯಿಂದ ಮನೆಗೆ ಬರುವವರು. ಇವರೂ ನಮ್ಮ ಹಾಗೆ ಲಿಂಗವಂತರು, ಪೇಟೆಯಲ್ಲಿ ಇವರ ಮಾತಿಗೆ ತೂಕ ಇತ್ತು. "ಸೋಮವಾರ ಗಾಲಿಕುರ್ಚಿ ಗ್ಯಾರಂಟಿನಾಮ್ಮ?" ಎಂದರು. ಹೂಂ ಎಂದುಬಿಟ್ಟೆ.

ಮರುದಿನವೇ ಮಲ್ಲೇಶ್ವರಕ್ಕೆ ಹೋದೆ. ರಾಯರ ಮಗಳು ಗೇಟಿನ ಒಳಗೇ ನಿಂತಳು. "ಅಪ್ಪ ಈಗ ಸಿಗೋಲ್ಲ. ಆಮೇಲೆ ಬನ್ನಿ" ಎಂದಳು. ಕುರ್ಚಿ ಎಂದೊಡನೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವರ ಹಾಗೆ ಬೆದರಿ ಒಳಗೋಡಿದಳು. ಎರಡು ದಿನ ಬಿಟ್ಟು ಹೋದಾಗ ಸೊಸೆ ಬಂದರು. "ಕಳಿಸ್ತೀವಿ ಹೋಗಿ" ಎಂದರೇ ಹೊರತು ಕುಂಕುಮವಿಲ್ಲ, ಒಂದು ಲೋಟ ನೀರಿಲ್ಲ. ಬಾಗಿಲಲ್ಲಿ ರಂಗೋಲಿ ಕೂಡ ಇಲ್ಲ. ಕುರ್ಚಿ ಒಯ್ಯುವವರೆಗೆ ಮರ್ಯಾದೆ, ಆಮೇಲೆ ಇಷ್ಟೇ ಎಂದು ನನ್ನ ಹೊಟ್ಟೆ ಉರಿಯಿತು. ಮಾರಿಕೊಂಡೇ ಇರಬೇಕು! ಅಲ್ಲಿಂದ ನೆಟ್ಟಗೆ ಮಾರ್ಕೆಟ್ಟಿನ ಬಳಿಯ ಗುಜರಿ ಸಾಲಿಗೆ ಹೋದೆ. ನಮ್ಮ ಮೋಡಕಾ ಅಂಗಡಿಗೆ ಇಲ್ಲಿ ಗುಜರಿ ಎನ್ನುತ್ತಾರೆ. ಹರಿದ ಬೆತ್ತದ ಕುರ್ಚಿಗಳನ್ನೆಲ್ಲ ತಿರುವಿ ಹಾಕಿ ಬೈಸಿಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಮೂರನೆಯ ಸಲ ಹೋದಾಗ ನನಗೆ ತಾಳ್ಮೆ ಇರಲಿಲ್ಲ. ಗೇಟು ಹಿಡಿದು, ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದೆ: "ನನ್ನ ಕುರ್ಚಿ ಎಲ್ಲೈತ್ರಿ? ಮಾರಿಕೊಂಡ್ರೇನು? ದೊಡ್ಡ ಮನಿಯವರು ಅಂತ ನಂಬಿ ಕೊಟ್ರ, ಇದೇನ್ರಿ ನಿಮ್ಮ ಮರ್ಯಾದಿ?"

ಎದುರು ಮನೆಯವರು ಜಗಲಿಗೆ ಬಂದರು. ಬಾಗಿಲು ತೆರೆದು ಶ್ಯಾಮರಾಯರು ಹೊರಗೆ ಬಂದರು. ತಲೆ ನುಣ್ಣಗೆ ಬೋಳಿಸಿತ್ತು.

"ಅಮ್ಮ ಹೋಗಿ ಒಂಬತ್ತು ದಿನ ಆಯ್ತು" ಎಂದರು. "ಆ ಕುರ್ಚೀಲಿ ಕೂತ ಹಾಗೇ ಪ್ರಾಣ ಬಿಟ್ರು."

ನನ್ನ ಕೈ ಗೇಟಿನಿಂದ ಜಾರಿತು. "ಮತ್ತ ಮೊದಲ ಯಾಕ ಹೇಳಲಿಲ್ರಿ?" ಎಂದೆ.

"ಹೇಳಿದ್ರೆ ನೀವು ವಾಪಸ್ ತಗೋತಿದ್ರಾ? ಸಾವಾಗಿರೋ ಕುರ್ಚಿ, ಬೆಲೆ ಕೊಟ್ಟು ನೀವೇ ಇಟ್ಕೊಳ್ಳಿ ಅಂತಿದ್ರಿ. ಸೂತಕ ಕಳೀಲಿ, ಶುದ್ಧಿ ಮಾಡಿಸಿ, ಏನೂ ಹೇಳ್ದೆ ತಂದ್ಬಿಡೋಣ ಅಂತಿದ್ದೆ."

ನಾನು ಅವರನ್ನು ಕಳ್ಳರೆಂದುಕೊಂಡಿದ್ದೆ, ಅವರು ನನ್ನನ್ನು ಕುರ್ಚಿಯ ಬೆಲೆಗಾಗಿ ಪೀಡಿಸುವವಳು ಎಂದುಕೊಂಡಿದ್ದರು. ರಂಗೋಲಿ ಇಲ್ಲದ ಬಾಗಿಲು, ಕುಂಕುಮ ಕೊಡದ ಮುತ್ತೈದೆ. ಇದು ಸಾವಿನ ಮನೆ ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ತಿಳಿಯುತ್ತಿತ್ತು. ನಮ್ಮ ಮನೆತನದಲ್ಲಿ ಸಾವಿಗೆ ಸೂತಕವಿಲ್ಲ. ಮಣ್ಣು ಮಾಡಿ ಬಂದು, ಮಿಂದು, ಅಂದೇ ಲಿಂಗಪೂಜೆಗೆ ಕೂರುತ್ತೇವೆ. ನಾನು ಆ ಗುರುತುಗಳನ್ನೆಲ್ಲ ಅವಮಾನವೆಂದೇ ಲೆಕ್ಕ ಹಾಕಿದ್ದೆ. ಆ ಹೊತ್ತಿನಲ್ಲಿ ನನಗಾದಷ್ಟು ನಾಚಿಕೆ ಜನ್ಮದಲ್ಲಿ ಆಗಿಲ್ಲ.

ಕುರ್ಚಿ ಹಿತ್ತಿಲಲ್ಲಿ ಬಿಸಿಲಿಗೆ ನಿಂತಿತ್ತು. ನಾನು ಅದರ ಹಿಡಿಗೆ ಕೈ ಹಾಕಿದಾಗ ಸೊಸೆ, "ಮುಟ್ಬೇಡಿ, ಮೈಲಿಗೆ!" ಎಂದರು. "ನಮಗ ಅದು ಇಲ್ಲರೀ ತಾಯಿ. ನನ್ನ ಬಾಯಿಗೆ ಬೆಂಕಿ ಬೀಳಲಿ, ತಪ್ಪಾತು" ಎಂದು ಕೈಮುಗಿದು, ತಳ್ಳಿಕೊಂಡು ಬಂದೆ. ರಾಯರು ಗೇಟಿನವರೆಗೆ ಜೊತೆಗೆ ನಡೆದರು.

ಸೋಮವಾರ ಬಳೇಪೇಟೆಯ ಮನೆಗೆ ಕುರ್ಚಿ ಮುಟ್ಟಿಸಿದೆ. ಬಸಪ್ಪನವರು ಅದರ ಸುತ್ತ ಒಮ್ಮೆ ತಿರುಗಿ, "ಇದ್ರಲ್ಲಿ ಮೊದ್ಲು ಯಾರ್ ಕೂತಿದ್ರು?" ಎಂದರು. ನಮ್ಮವರೇ ಆದ್ದರಿಂದ ನಿಜ ಹೇಳಿದರೆ ಚಿಂತೆಯಿಲ್ಲ ಎಂದು ಬಾಯಿ ತೆರೆದೆ. ಆದರೆ ಮಂಚದ ಮೇಲಿದ್ದ ಅವರ ತಾಯಿ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. "ಅವ್ರಿಗೆ ವಾಸಿ ಆಯ್ತೇನವ್ವಾ?" ಎಂದು ಕೇಳಿದರು.

"ಮಲ್ಲೇಶ್ವರದ ಒಬ್ಬ ಅಜ್ಜಿ. ಈಗ ಎದ್ದು ಓಡಾಡ್ತಿದಾರೆ ಅಮ್ಮ" ಎಂದೆ.

ಆಕೆ ನಕ್ಕು, ಮಗನ ಹೆಗಲು ಹಿಡಿದು ಕುರ್ಚಿಗೆ ಇಳಿದರು. ಆ ವಾರವೇ ಬಳೇಪೇಟೆಯಿಂದ ಇನ್ನೂ ಮೂರು ಮನೆಯವರು ಬಂದರು, ಅಜ್ಜಿ ವಾಸಿಯಾದ ಮಾತು ಕೇಳಿಕೊಂಡೇ ಬಂದರು. ಗಂಟು ಮೂಟೆಯ ಮಾತನ್ನು ನಮ್ಮ ಮನೆಯವರು ಮತ್ತೆ ಎತ್ತಲಿಲ್ಲ. ಈಗ ಬಂದವರೆಲ್ಲ ಆ ಅಜ್ಜಿ ಹೇಗಿದ್ದಾರೆ ಎಂದು ಕೇಳುತ್ತಾರೆ, ಚೆನ್ನಾಗಿದ್ದಾರೆ ಎನ್ನುತ್ತೇನೆ. ಊರಿಗೆ ಯಾವಾಗ ಬರುತ್ತೀ ಎಂದು ನೀವು ಕಾಗದ ಬರೆಯುತ್ತೀರಿ. ಒಂದು ಸಲ ಬರಲೇಬೇಕು. ನಿಮ್ಮ ನಡುವೆ ಕೂತು, ನನ್ನ ಊಟದ ಬಗ್ಗೆ ಕೇಳಿದ ಆ ಮುದುಕಿಗಾಗಿ ಒಮ್ಮೆ ಬಾಯಿಬಿಟ್ಟು ಅಳಬೇಕು. ಇಲ್ಲಿ ಅಳುವ ಹಾಗಿಲ್ಲ, ಇಲ್ಲಿ ಆಕೆ ಇನ್ನೂ ಓಡಾಡುತ್ತಿರಬೇಕು.