ಹುಲ್ಲು ಮುಸುಕಿನವನ ಜೊತೆ ಒಂದು ಕುಣಿತ

ದುಆಳ ಮದುವೆಯಲ್ಲಿ ನಮ್ಮ ಹೆಡ್ ನರ್ಸ್ ನೋರಾ ಕುಣಿಯಲು ಎಳೆದದ್ದು ಮದುಮಗಳ ತಾಯಿ, ನಮ್ಮ ಜೊತೆಗೇ ಕೆಲಸ ಮಾಡುವ ಶಾಹೀದಾ ಎಂದುಕೊಂಡು ವರನ ಎಂಬತ್ತು ವರ್ಷದ ಅಜ್ಜಿಯನ್ನು. ಸೌದಿಯ ತಬೂಕಿನ ಹಾಲ್‌ನಲ್ಲಿ ಹೆಂಗಸರ ಕಡೆಗೆ ಮದುಮಗ ಬರುತ್ತಾನೆಂದು ಎಲ್ಲರೂ ಮುಸುಕೆಳೆದುಕೊಂಡಿದ್ದ ಗಳಿಗೆ. ಎರಡು ಸುತ್ತು ತಿರುಗಿ ಅಜ್ಜಿ ಕುರ್ಚಿಗೆ ಕುಸಿದರು. "ಎಂತ ನರ್ಸ್ ಮಾರಾಯ್ತಿ ಇವಳು? ಇದ್ದ ಒಂದು ಮಂಡಿಯೂ ಹೋಯ್ತು!"

ನೋರಾ ಐರ್ಲೆಂಡಿನ ಹಳ್ಳಿಯವಳು. ಅರಬರ ಬಾಯಲ್ಲಿ ನೂರಾ. ಅದೇ ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ನನಗೆ ಗೊತ್ತು, ಮೂವತ್ತು ವರ್ಷಗಳಲ್ಲಿ ಅವಳು ನೂರಾರು ಜನರ ಕಥೆ ಕೇಳಿದ್ದಳು, ತನ್ನದೊಂದನ್ನೂ ಹೇಳಿರಲಿಲ್ಲ. ಅಂದು ಬಿರಿಯಾನಿಯ ಮುಂದೆ, ನಾಚಿಕೆ ಮುಚ್ಚಿಕೊಳ್ಳಲೆಂದೋ ಏನೋ, ಹೇಳಿದಳು.

"ನಮ್ಮಲ್ಲಿ ಮುಖ ಮುಚ್ಚಿ ಬರುತ್ತಿದ್ದವರು ಗಂಡಸರು."

ಹಳೆಯ ಪದ್ಧತಿಯಂತೆ. ಮದುವೆಯ ಸಂಜೆ ಊರ ಹುಡುಗರು ತಲೆಯಿಂದ ಸೊಂಟದವರೆಗೆ ಒಣಹುಲ್ಲು ಹೊದ್ದು, ಕರೆಯದೆಯೇ ಬರುತ್ತಿದ್ದರು. ಹೆಸರು ಕೇಳುವಂತಿಲ್ಲ. ಮುಂದಾಳು ಮದುಮಗಳ ಜೊತೆ ಒಂದು ಸುತ್ತು ಕುಣಿದರೆ ಶುಭ.

ನೋರಾಳನ್ನು ಟಾಮ್‌ಗೆ ಕೊಡಿಸಿದ್ದು ಮದುವೆ ದಲ್ಲಾಳಿ, ಅವನ ಹನ್ನೆರಡು ಹಸು ನೋಡಿ. ಅವಳ ಮನಸ್ಸಿದ್ದದ್ದು ಬಡಗಿ ಡೆಕ್ಲನ್ ಮೇಲೆ. ಮದುವೆಯ ಸಂಜೆ ಹುಲ್ಲು ಹೊದ್ದವನೊಬ್ಬ ಮಾತಿಲ್ಲದೆ ಕುಣಿಸಿ, ಬಿಡುವಾಗ ಅವಳ ಅಂಗೈಯನ್ನು ಎರಡು ಸಲ ಒತ್ತಿ ಹೋದ. ಡೆಕ್ಲನ್ನನೇ ಎಂದುಕೊಂಡಳು. ಮಾರನೆಯ ದಿನ ನೋಡಿದರೆ ಡೆಕ್ಲನ್ ಊರಲ್ಲಿರಲಿಲ್ಲ.

ಕೈ ಹಿಡಿದವನೊಬ್ಬ, ಕೈ ಹಿಡಿದು ಕುಣಿಸಿದವನೊಬ್ಬ. ಟಾಮ್ ಕೆಟ್ಟವನಲ್ಲ, ಹಸುಗಳ ಜೊತೆ ಮಾತ್ರ ಮಾತಾಡುತ್ತಿದ್ದ. ಒಂಬತ್ತು ವರ್ಷ ಸಂಸಾರ ಮಾಡಿ ತೀರಿಕೊಂಡ. ಆ ವರ್ಷಗಳಲ್ಲೂ, ಆಮೇಲೆ ಈ ಮರಳಿನಲ್ಲೂ ಅವಳನ್ನು ಉಳಿಸಿದ್ದು ಎರಡು ಒತ್ತು. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ ಎಂದು ಗಾದೆ ಕಟ್ಟಿದವರು ನೋರಾಳನ್ನು ಕಂಡವರಲ್ಲ, ಆದರೂ.

"ಡೆಕ್ಲನ್ ಊರಿಗೆ ವಾಪಸ್ ಬಂದಿದ್ದಾನಂತೆ," ಎಂದಳು. "ಈ ರಜೆಯಲ್ಲಿ ಹೋಗಿ, ಅವತ್ತು ಕುಣಿಸಿದ್ದು ನೀನೇನಾ ಅಂತ ಕೇಳುತ್ತೇನೆ. ಅಷ್ಟೇ ಕೇಳುವುದು."

"ಯಲ್ಲಾ, ಹೋಗು! ಇಷ್ಟು ವರ್ಷ ಎಂತಕ್ಕೆ ಕಾದೆ?" ಎಂದು ಶಾಹೀದಾ ಗದರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ತಿಂಗಳ ನಂತರ ನೋರಾ ಮರಳಿದಳು. ಕ್ಯಾಂಟೀನಿನಲ್ಲಿ ನಾನೂ ಶಾಹೀದಾಳೂ ಅವಳನ್ನು ಮುತ್ತಿದೆವು.

"ಅವನಲ್ಲ," ಎಂದಳು. "ಮದುವೆಯ ಹಿಂದಿನ ದಿನವೇ ಲಿವರ್‌ಪೂಲಿಗೆ ಹಡಗು ಹತ್ತಿದ್ದನಂತೆ. ನೋಡಲಾಗುವುದಿಲ್ಲ ಅಂತ."

ಅವಳ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಶಾಹೀದಾ ಮೆಲ್ಲಗೆ ಕೇಳಿದಳು: "ಹಾಗಾದ್ರೆ ನಿನ್ನ ಕೈ ಒತ್ತಿದ್ದು ಯಾರು ಮಾರಾಯ್ತಿ?"

"ನಮ್ಮೂರ ಪೋಸ್ಟ್‌ಮ್ಯಾನ್," ಎಂದಳು ನೋರಾ. "ಕುಣಿಸಿದ್ದು ತಾನೇ ಅಂದ, ಕೈ ಒತ್ತಿದ್ದು ಅವನಿಗೆ ನೆನಪಿಲ್ಲ. ಮದುವೆ ಊಟದ ಬಾತುಕೋಳಿಗೆ ಉಪ್ಪು ಜಾಸ್ತಿಯಾಗಿತ್ತು ಅಂದ."