ಮಾವನ ಬಾಗಿಲಲ್ಲಿ ಮಾತ್ರ ಕೆಡುವ ಕಾರು

ಗೆಳೆಯರೇ, ತಲೆಬಾಗಿ ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ: ಇಂದು ನೆಟ್ಟಗಿದ್ದ ಕಾರನ್ನು ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಬಿಸಿಯಾದೊಡನೆ ನಿಂತುಬಿಡುತ್ತಿದ್ದ ಕಾರಿನ ವೈರು, ಸೆನ್ಸರ್ ಎಲ್ಲ ನೋಡಿದ ಕಲಬುರ್ಗಿಯ ಮೆಕ್ಯಾನಿಕ್ ಖಾಜಾಭಾಯಿ, "ಇಂಜಿನ್ನಿನ ಕಂಪ್ಯೂಟರೇ ಖರಾಬ್ ಆಗ್ಯದ್ರಿ" ಎಂದು ಬೆಳಿಗ್ಗೆ ಹೊಸದನ್ನು ಕೂಡಿಸಿದರು. "ಕೋಟನೂರ ತನಕ ಓಡ್ಸಿ ನೋಡ್ರಿ, ಸಾಕು" ಎಂದರು. ನಾನು ಕೋಟನೂರಿಗೆ ಬೆನ್ನು ಹಾಕಿ ಸೀದಾ ಕಮಲಾಪುರಕ್ಕೆ ಓಡಿಸಿದೆ. ಹೆರಿಗೆಗೆಂದು ತವರಿಗೆ ಹೋದ ಹೆಂಡತಿ ಅಲ್ಲಿದ್ದಾಳೆ. ಅವಳಿಲ್ಲದೆ ರಾಜನಂತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ, ಅದು ಬೇರೆ ಮಾತು.

ಕರೆಯದೆ ಪದೇ ಪದೇ ಹೋಗುವ ಅಳಿಯನಿಗೆ ಮರ್ಯಾದೆಯಿಲ್ಲ. ಆದ್ದರಿಂದ ಮಾವನ ಬಾಗಿಲ ಮುಂದೆ ಬಾನೆಟ್ ಎತ್ತಿ ನಿಂತೆ.

"ಹೊಸಾ ಕಂಪ್ಯೂಟರೂ ಕೈ ಕೊಟ್ಟದ್ರಿ ಮಾವಾರ. ರಾತ್ರಿ ಇಲ್ಲೇ ಇರಬೇಕಾಗ್ತದ."

"ನಿಮ್ಮ ಗಾಡಿ ದಾರ್ಯಾಗ ಎಲ್ಲೂ ಕೆಡಂಗಿಲ್ಲ, ನಮ್ಮ ಬಾಗಲಾ ಮುಂದೇ ಕೆಡ್ತದಲ್ರೀ ಅಳಿಯಂದ್ರ!" ಎನ್ನುತ್ತ ಮಾವ ಕೀಲಿ ತಿರುವಿದರು. ಒಂದೇ ಏಟಿಗೆ ಚಾಲೂ!

"ಕಂಪ್ಯೂಟರಿಗಿ ನಿಮ್ಮಂಗ ಸುಳ್ಳ ಹೇಳಾಕ ಬರಂಗಿಲ್ಲರೀ" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವ ಹಿಂದಿನ ಸೀಟಿನಲ್ಲಿ ಕೆಂಪು ಬಾಳೆಹಣ್ಣು ಇಟ್ಟು, "ಕತ್ತಲಾಗೋದ್ರಾಗ ಮನಿ ಮುಟ್ರಿ" ಎಂದರು.

ಕಾರು ದಾರಿಯುದ್ದಕ್ಕೂ ಒಮ್ಮೆಯೂ ಕೆಮ್ಮಲಿಲ್ಲ. ಆದರೂ ಮಹಾಗಾಂವದ ಹತ್ತಿರ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ರಾಜರಿಗೆ ಕಣ್ಣು ತುಂಬಿಬಂದು ರಸ್ತೆ ಕಾಣುತ್ತಿರಲಿಲ್ಲ.