ಬೈಂದೂರಿನಿಂದ ಬಂದ ಪಾಯಿಂಟು

ನಮ್ಮ ಯಜಮಾನರು ಕೆಮ್ಮಿದರೆ ನನಗೆ ಸಂತೋಷವಾಗುವ ದಿನಗಳಿವೆ. ಕೆಟ್ಟ ಹೆಂಗಸು ಎಂದುಕೊಳ್ಳಬೇಡಿ. ಬ್ರಹ್ಮಾವರದ ಹೆದ್ದಾರಿ ಪಕ್ಕದ ಮೆಡಿಕಲ್‌ನವರು ಕೊಟ್ಟ ಕೂಪನ್ನಿನ ಅವಧಿ ನಾಳೆಗೆ ಮುಗಿಯುವುದಿದೆ, ಮನೆಯಲ್ಲಿ ಇದುವರೆಗೆ ಒಬ್ಬರೂ ಸೀನಿಲ್ಲ ಎಂದರೆ ಯಾರಿಗೆ ತಾನೇ ಚಡಪಡಿಕೆಯಾಗುವುದಿಲ್ಲ? ಅಂಥ ಸಂಜೆ ಒಳಕೋಣೆಯಿಂದ ಒಂದು ಒಣಕೆಮ್ಮು ಕೇಳಿಸಿತೋ, ನಾನು ಚೀಲ ಹಿಡಿದು ನಮ್ಮ ಬಾರ್ಕೂರಿನಲ್ಲಿ ಬ್ರಹ್ಮಾವರದ ಬಸ್ಸಿಗೆ ಕಾಯುತ್ತಿರುತ್ತೇನೆ. ಕೂಪನ್ನಿನಲ್ಲಿ ಉಳಿದದ್ದು ಬಸ್ಸಿನ ಟಿಕೆಟಿಗೇ ಹೋಯಿತಲ್ಲ ಎಂದು ಯಜಮಾನರು ಪ್ರತಿ ಸಲವೂ ತೋರಿಸಿಕೊಡುತ್ತಾರೆ. ಅವರು ಲೆಕ್ಕದ ಮೇಷ್ಟ್ರಾಗಿದ್ದವರು. ಸಂತೋಷವನ್ನು ಯಾವ ಸಾಲಿನಲ್ಲಿ ಕೂಡಿಸಬೇಕೆಂದು ಅವರಿಗೆ ಗೊತ್ತಿಲ್ಲ.

ಹಿಂದೆ ಮದ್ದಿನಂಗಡಿಗೆ ಒಂದು ಗಾಂಭೀರ್ಯವಿತ್ತು. ಬಟ್ಟೆಯಂಗಡಿಯವರು 'ಇನ್ನೊಮ್ಮೆ ಬನ್ನಿ' ಎನ್ನುತ್ತಿದ್ದರು, ಹೋಟೆಲಿನವರು ಎನ್ನುತ್ತಿದ್ದರು. ಮದ್ದಿನಂಗಡಿಯವರು ಮಾತ್ರ ಚಿಲ್ಲರೆ ಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ನಮ್ಮಜ್ಜಿ ಯಾರ ಮನೆಯಿಂದ ಹೊರಟರೂ 'ಬತ್ತೆ' ಎನ್ನದೆ ಮೆಟ್ಟಿಲಿಳಿದವಳಲ್ಲ. ನಾಟಿ ವೈದ್ಯರ ಮನೆಯಿಂದ ಮಾತ್ರ ಬಾಯಿ ಮುಚ್ಚಿಕೊಂಡೇ ಎದ್ದು ಬರುತ್ತಿದ್ದಳು. ವೈದ್ಯರು ಬೇಡವೆಂದರೂ ವೀಳ್ಯದೆಲೆಯ ಮೇಲೆ ಒಂದು ನಾಣ್ಯ ಇಟ್ಟೇ ಬರುವುದು. ಪುಕ್ಕಟೆ ಮದ್ದು ನಾಟುವುದಿಲ್ಲವಂತೆ. ಅವಳ ಮೊಮ್ಮಗಳಾದ ನನ್ನ ಕೈಯಲ್ಲಿ ಈಗ 'ತಿಂಗಳೊಳಗೆ ಮತ್ತೆ ಬನ್ನಿ, ದುಪ್ಪಟ್ಟು ಪಾಯಿಂಟು ಗಳಿಸಿ' ಎಂಬ ಚೀಟಿ. ತಿಂಗಳೊಳಗೆ ಮತ್ತೆ ಕಾಯಿಲೆ ಬೀಳಿ ಎಂಬುದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲು ಸಾಧ್ಯವೇ?

ಆದರೂ ಈ ಪಾಯಿಂಟು ಹೊರಗಿನಿಂದ ಬಂದದ್ದೆಂದು ನಾನು ಒಪ್ಪುವುದಿಲ್ಲ. ಇದು ನಮ್ಮ ಕೊಸರೇ. ಅಕ್ಕಿ ಅಳೆದ ಮೇಲೆ ಒಂದು ಹಿಡಿ, ಬಂಗುಡೆ ಎಣಿಸಿದ ಮೇಲೆ ಎರಡು ಮೀನು, ಮಲ್ಲಿಗೆ ಅಳೆದ ಮೇಲೆ ನಾಲ್ಕು ಬೆರಳು. ಲಾಭಕ್ಕಿಂತ ಹೆಚ್ಚಾಗಿ ಅದರಲ್ಲಿ ಒಂದು ಸಲಿಗೆ ಇತ್ತು. ಕೊಸರು ಕೇಳುವವಳಿಗೂ ಗೊತ್ತು, ಕೊಡುವವಳಿಗೂ ಗೊತ್ತು: ನಾಳೆಯೂ ನಾವಿಬ್ಬರು ಮುಖ ನೋಡಬೇಕಾದವರು. ಈಗ ಬಿಲ್ಲು ಮಾಡುವಾಗ ನಂಬರು ಹೇಳಿದರೆ ಕೊಸರು ಫೋನಿಗೆ ಬರುತ್ತದೆ. ಮುಖ ಮಾತ್ರ ಇಲ್ಲ.

ಮುಖವಿಲ್ಲದ ಅಂಥದೊಂದು ಕೊಸರು ಹೋದ ದೀಪಾವಳಿ ಕಳೆದ ಮೇಲೆ ನನ್ನ ಫೋನಿಗೆ ಬಂತು. ಹಿತ್ತಲಲ್ಲಿ ಬಸಳೆ ಕೊಯ್ಯುತ್ತಿದ್ದೆ. ಫೋನು ಟಿಣ್ ಎಂದಿತು. 'ನಮ್ಮ ಬೈಂದೂರು ಶಾಖೆಯಲ್ಲಿ ಖರೀದಿಸಿದ್ದಕ್ಕೆ ಧನ್ಯವಾದ, ನಿಮಗೆ ಇಷ್ಟು ಪಾಯಿಂಟು ಸೇರಿದೆ.' ನಾನು ಬೈಂದೂರಿಗೆ ಹೋಗದೆ ವರ್ಷಗಳೇ ಆಗಿವೆ. ಅಲ್ಲಿ ನನ್ನ ಬಂಧು ಬಳಗ ಯಾರೂ ಇಲ್ಲ.

"ಯಾರೋ ತಪ್ಪ್ ನಂಬರ್ ಕೊಟ್ಟಿರ್. ಅಂಗ್ಡಿಯಂಗೆ ಹೇಳಿ ತೆಗ್ಸ್" ಎಂದರು ಯಜಮಾನರು.

ತೆಗೆಸುವ ಯೋಚನೆ ನನಗೂ ಬಂದಿತ್ತು. ಆದರೆ ಬ್ರಹ್ಮಾವರಕ್ಕೆ ಹೋದಾಗಲೆಲ್ಲ ಅದು ಮರೆತುಹೋಗುತ್ತಿತ್ತು. ತಾನಾಗಿ ಬಂದ ಪಾಯಿಂಟನ್ನು ಯಾರಾದರೂ ನೆನಪಿಟ್ಟುಕೊಂಡು ವಾಪಸು ಮಾಡುತ್ತಾರೆಯೇ? ಮುಂದಿನ ತಿಂಗಳ ಮೊದಲ ವಾರ ಮತ್ತೆ ಬಂತು. ಅದರ ಮುಂದಿನ ತಿಂಗಳೂ ಅದೇ ವಾರ, ಹೆಚ್ಚುಕಡಿಮೆ ಅಷ್ಟೇ ಪಾಯಿಂಟು. ಆಗ ನನಗೆ ಪಾಯಿಂಟಿಗಿಂತ ಮನುಷ್ಯನ ಮೇಲೆ ಕುತೂಹಲ ಹುಟ್ಟಿತು. ತಿಂಗಳ ಮೊದಲ ವಾರ ಎಂದರೆ ಬಿ.ಪಿ.ಯದೋ ಸಕ್ಕರೆ ಕಾಯಿಲೆಯದೋ ಮಾತ್ರೆ. ಯಾವಾಗಲೂ ಬೆಳಿಗ್ಗೆ, ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ. ಇಷ್ಟು ಶಿಸ್ತು ಯಾರಿಗಿರುತ್ತದೆ? ನಿವೃತ್ತ ಸ್ಟೇಷನ್ ಮಾಸ್ಟರಿಗೆ! ಬೈಂದೂರಿನಲ್ಲಿ ರೈಲ್ವೆ ಸ್ಟೇಷನ್ನೂ ಇದೆಯಲ್ಲ. ಹೀಗೆ ನನ್ನ ಮನಸ್ಸಿನಲ್ಲಿ ಒಬ್ಬ ಸ್ಟೇಷನ್ ಮಾಸ್ಟರು ತಯಾರಾದರು. ಬೆಳ್ಳಗಿನ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ, ಹೆಂಡತಿ ಮಲಗಿದ ಮೇಲೆ ಕದ್ದು ಹಲಸಿನ ಹಣ್ಣು ತಿನ್ನುವ ಚಾಳಿ. ಒಮ್ಮೆ ತಿಂಗಳ ನಡುವೆ ಒಂದು ಚಿಕ್ಕ ಪಾಯಿಂಟು ಬಂದಾಗ, "ಪಾಪ, ಮಾಸ್ಟ್ರಿಗೆ ಶೀತ ಆಯ್ತ್ ಕಾಣತ್ತ್" ಎಂದೆ. ಯಜಮಾನರು ಪೇಪರಿನಿಂದ ತಲೆಯೆತ್ತಿ "ಯಾವ್ ಮಾಸ್ಟ್ರ್?" ಎಂದರು; ಸ್ಟೇಷನ್ ಮಾಸ್ಟರ ಕಥೆಯನ್ನೆಲ್ಲ ಹೇಳಬೇಕಾಯಿತು.

ಈ ನಡುವೆ ಒಂದು ಘಟನೆ ನಡೆಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಆಗ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಯಾವುದೋ ಹುಡುಗಿ.

"ಅಮ್ಮಾ, ನಿಮ್ ಮೊಬೈಲಿಗೆ ಈಗೊಂದ್ ಒಟಿಪಿ ಬಂದಿತ್ತ್ ಕಾಣಿ. ಒಂಚೂರ್ ಹೇಳ್ತ್ರಿಯಾ?"

ನನ್ನ ಮೈಯೆಲ್ಲ ಚುರುಕಾಯಿತು. ಒಟಿಪಿ ಕೇಳುವವರು ಕಳ್ಳರು ಎಂದು ಫೋನಿನಲ್ಲಿ, ಟೀವಿಯಲ್ಲಿ, ಬ್ಯಾಂಕಿನ ಗೋಡೆಯ ಮೇಲೆ ಎಲ್ಲ ಕಡೆ ಕಲಿಸಿದ್ದರು; ಪರೀಕ್ಷೆ ಮಾತ್ರ ಬಂದಿರಲಿಲ್ಲ. ಇಷ್ಟು ದಿನ ಕಳ್ಳರು ಹಿಂದಿಯಲ್ಲಿ ಮಾತಾಡುತ್ತಿದ್ದರು, ಈಗ ಕುಂದಾಪ್ರ ಕನ್ನಡವನ್ನೂ ಕಲಿತರಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಹೇಳ್ತೆ. ಮೊದ್ಲ್ ನಿನ್ ಅಪ್ಪ ಅಬ್ಬಿ ಹೆಸ್ರ್ ಹೇಳ್ ಕಾಂಬ. ಪೊಲೀಸ್ರಿಗೆ ಕೊಡ್ಕ್!"

"ಹಾಂಗಲ್ದೆ ಅಮ್ಮಾ, ಇಲ್ಲೊಬ್ರ್..."

"ಕಳ್ಳ ಮಕ್ಳೆ, ಇಡ್ ಫೋನ್!" ಎಂದು ನಾನೇ ಇಟ್ಟೆ. ಬಂದಿದ್ದ ಮೆಸೇಜನ್ನು ಓದದೆಯೇ ಅಳಿಸಿಹಾಕಿದೆ. ಓದಿದರೂ ದುಡ್ಡು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಆ ವಾರವಿಡೀ ಬಸ್ಸಿನಲ್ಲಿ, ಭಜನೆಯಲ್ಲಿ, ಸಿಕ್ಕಿದವರಿಗೆಲ್ಲ ನನ್ನ ಪರಾಕ್ರಮವನ್ನು ವಿವರಿಸಿದೆ.

ಮುಂದಿನ ತಿಂಗಳು ಬೈಂದೂರಿನಿಂದ ಪಾಯಿಂಟು ಬರಲಿಲ್ಲ. ಎರಡನೇ ವಾರವೂ ಇಲ್ಲ. ಮಗಳ ಮನೆಗೆ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಅದರ ಮುಂದಿನ ತಿಂಗಳೂ ಬರದಿದ್ದಾಗ ಆ ಸಮಾಧಾನ ನಿಲ್ಲಲಿಲ್ಲ. ತಿಂಗಳ ಮಾತ್ರೆ ತೆಗೆದುಕೊಳ್ಳುವವರು ಸುಮ್ಮನೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಅದಕ್ಕೆ ಅರ್ಥ ಒಂದೇ. ಗುರುತಿಲ್ಲದ ಒಬ್ಬ ಮನುಷ್ಯ, ಬದುಕಿದ್ದಾನೆಂದು ತಿಂಗಳಿಗೊಮ್ಮೆ ನನಗೆ ಮಾತ್ರ ಹೇಳುತ್ತಿದ್ದ ಮನುಷ್ಯ, ಈಗ ಸುಮ್ಮನಾಗಿದ್ದಾನೆ. ಅವರ ಕಾಯಿಲೆಯ ಕೊಸರನ್ನು ಇಷ್ಟು ದಿನ ಕೂಡಿಟ್ಟುಕೊಂಡು ಖುಷಿಪಟ್ಟವಳು ನಾನು. ಆ ರಾತ್ರಿ ಊಟ ಸೇರಲಿಲ್ಲ.

"ಬೈಂದೂರಿಗೊಂದ್ ಹೋಯ್ ಬತ್ತೆ" ಎಂದೆ ಬೆಳಿಗ್ಗೆ.

"ಸ್ಟೇಷನ್ ಮಾಸ್ಟ್ರಿಗೆ ಹಣ್ಣ್ ತಕಂಡ್ ಹೋಗ್" ಎಂದರು ಯಜಮಾನರು. ನಾನು ನಗಲಿಲ್ಲ. ಅದನ್ನು ಕಂಡು ಅವರೂ ನಗು ನಿಲ್ಲಿಸಿ, ಬಸ್ ನಿಲ್ದಾಣದ ತನಕ ಜೊತೆಗೆ ಬಂದರು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ಬೈಂದೂರಿನಲ್ಲಿ ಇಳಿದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ; ಬ್ರಹ್ಮಾವರದ ಅಂಗಡಿಯ ಅವಳಿಯಂತೆ ಅದೇ ಬಣ್ಣದ ಬೋರ್ಡು. ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ನನ್ನ ನಂಬರು ಹೇಳಿ, "ಈ ನಂಬರಂಗೆ ಇಲ್ಲಿ ಮದ್ದ್ ತಕಂತಿದ್ದದ್ ಯಾರ್ ಮಗಾ? ಅವ್ರ್ ಸೌಖ್ಯ ಇದ್ರಾ?" ಎಂದು ಕೇಳಿದೆ.

ಹುಡುಗಿ ನಂಬರನ್ನು ಕಂಪ್ಯೂಟರಿಗೆ ಹಾಕಲೇ ಇಲ್ಲ. ನನ್ನ ಮುಖವನ್ನೇ ನೋಡಿದಳು.

"ಅವತ್ತ್ ಒಟಿಪಿ ಕೇಂಡದ್ದಕ್ಕೆ ಕಳ್ಳ ಮಕ್ಳ್ ಅಂದದ್ದ್ ನೀವೇಯಾ?"

ಔಷಧಿ ಕಪಾಟಿನ ಹಿಂದೆ ಅಡಗಿಕೊಳ್ಳಲು ಜಾಗವಿದ್ದರೆ ಅಡಗಿಕೊಳ್ಳುತ್ತಿದ್ದೆ. ಪಾಯಿಂಟು ಕೊಟ್ಟು ಏನಾದರೂ ಕೊಳ್ಳಬೇಕಾದರೆ ಫೋನಿಗೆ ಬಂದ ಒಟಿಪಿ ಹೇಳಬೇಕಂತೆ. ಅದಕ್ಕೆ ಫೋನು ಮಾಡಿದ್ದಳಂತೆ. ನನ್ನ ಆರ್ಭಟ ಕೌಂಟರಿನ ಆಚೆ ನಿಂತಿದ್ದವರಿಗೂ ಕೇಳಿತಂತೆ.

"ಯಾರ್ ನಿಂತಿದ್ರ್?"

"ಗುಲಾಬಕ್ಕ. ಮುಂಚೆ ಬಾರ್ಕೂರ್ ಬದಿಯಂಗೆ ಮೀನ್ ಮಾರ್ತಿದ್ರಂಬ್ರ್. ಈಗ ಮಗಳ್ ಮನಿಯಂಗೆ ಇದ್ರ್. ಇಲ್ಲೇ, ಈ ಓಣಿ ಕಡಿಗೆ."

ನನ್ನ ಸ್ಟೇಷನ್ ಮಾಸ್ಟರು ಆ ಕ್ಷಣಕ್ಕೆ ರೈಲು ಹತ್ತಿ ಹೊರಟೇಹೋದರು. ಅವರ ಜಾಗದಲ್ಲಿ ಗುಲಾಬಿ ಬಂದು ನಿಂತಳು. ಹಂಗಾರಕಟ್ಟೆ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಮನೆಗೆ ಬರುತ್ತಿದ್ದ, ನನ್ನಷ್ಟೇ ವಯಸ್ಸಿನ ಗುಲಾಬಿ. ಒಳ್ಳೆಯ ಮೀನು ಬಂದ ದಿನ ದೋಣಿ ನಿಲ್ಲುವ ದಕ್ಕೆಯಲ್ಲಿ ಯಾರದಾದರೂ ಫೋನು ಇಸಕೊಂಡು, "ಶಾರದಕ್ಕ, ಇವತ್ತ್ ಕಾಣೆ ಮೀನ್ ಇತ್ತ್, ತರುದಾ ಬ್ಯಾಡ್ದಾ?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಬೇರೆ ನಂಬರು. ಹಾಗಾಗಿ ಅವಳದೆಂದು ಒಂದು ನಂಬರು ನನ್ನಲ್ಲಿ ಇರಲೇ ಇಲ್ಲ. ಒಂದು ಮಳೆಗಾಲ ಕಳೆದ ಮೇಲೆ ಅವಳು ಬರುವುದು ನಿಂತಿತು. ಬುಟ್ಟಿ ಹೊರಲು ಆಗುವುದಿಲ್ಲವಂತೆ ಎಂದು ಯಾರೋ ಹೇಳಿದರು. ಬೇರೊಬ್ಬಳು ಸ್ಕೂಟರಿನಲ್ಲಿ ಮೀನು ತರತೊಡಗಿದಳು, ನಾನು ಕೊಂಡೆ. ಅಷ್ಟೇ.

ಓಣಿಯ ಕೊನೆಯ ಮನೆಯ ಜಗಲಿಯಲ್ಲಿ ಅವಳು ಒಣಮೀನು ಆರಿಸುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯೋ ಶಾರದಕ್ಕ! ಬನಿ, ಕೂಕಣಿ. ಹೆಣೆ, ಒಂದ್ ಲೋಟ ನೀರ್ ತಾ!" ಎಂದು ಒಳಗೆ ಮೊಮ್ಮಗಳನ್ನು ಕರೆದಳು.

"ಕೂಕಂತೆ. ನನ್ ನಂಬರ್ ಎಂತಕ್ ಕೊಟ್ಟದ್ ಗುಲಾಬಿ ನೀನ್?"

"ಎಂತ ಮಾಡುದ್ ಹೇಳಿ. ಮದ್ದ್ ತಕಂಬುಕೆ ಹೋರೆ ಆ ಹೆಣ್ಣ್ ನಂಬರ್ ಕೇಂತ್. ನಂಬರ್ ಇಲ್ದಿರೆ ಮದ್ದೇ ಕೊಡುದಿಲ್ಲೆ ಅಂದ್ಕಂಡೆ. ಮಗಳ್ ನಂಬರ್ ನಂಗ್ ಬಾಯಿಗ್ ಬತ್ತಿಲ್ಲೆ. ಬಾಯಿಪಾಠ ಇಪ್ದ್ ನಿಮ್ದೊಂದೇ."

"ಮತ್ತೆ ಆಮೇಲೆ ಎಂತಕ್ ನಿಲ್ಸದ್ದ್?"

ಅವಳು ಒಣಮೀನಿನ ಗೆರಸೆಯನ್ನು ಪಕ್ಕಕ್ಕೆ ಸರಿಸಿದಳು. "ಪಾಯಿಂಟ್ ಇತ್ತ್, ಅದ್ರಂಗೆ ಸೊಂಟಕ್ಕೊಂದ್ ಬಿಸ್ನೀರಿನ್ ಚೀಲ ತಕಣಿ ಅಂತ್ ಆ ಹೆಣ್ಣ್. ಫೋನಂಗೆ ನಿಮ್ ಸ್ವರ ಕೇಂಡ್ ಖುಷಿ ಆಯ್ತ್. ಮಾತಾಡ್ವ ಅಂದ್ರೆ ನೀವ್ ಪೊಲೀಸ್ ಅಂದ್ರಿ. ನನ್ ಮೇಲೆ ಬೇಜಾರ್ ಆಯಿತ್ ಅಂದೇಳಿ ಮತ್ತೆ ನಂಬರೇ ಹೇಳುಕ್ ಹೋಯಿಲ್ಲೆ. ಮದ್ದ್ ತಕಂತೆ, ಬತ್ತೆ."

ಬೇಜಾರು ನನ್ನ ಮೇಲೆ ಅವಳಿಗೆ ಆಗಬೇಕಾಗಿತ್ತು. ಮೊಮ್ಮಗಳು ತಂದ ನೀರು ಕುಡಿದು, "ಏಳ್ ಗುಲಾಬಿ, ಅಂಗ್ಡಿಗ್ ಹೋಪ" ಎಂದೆ.

ಮೂವರೂ ಹೋದೆವು. ಹುಡುಗಿ ಕಂಪ್ಯೂಟರು ಒತ್ತಿ, "ಈಗ ಒಟಿಪಿ ಬತ್ತ್. ಕೇಂಡ್ರೆ ಬೈತ್ರಿಯಾ?" ಎಂದಳು. ನಾನು ಒಂದೊಂದೇ ಅಂಕಿಯನ್ನು ಅಂಗಡಿಗೆಲ್ಲ ಕೇಳುವಂತೆ ಓದಿ ಹೇಳಿದೆ. ಕೆಂಪು ರಬ್ಬರಿನ ಬಿಸಿನೀರಿನ ಚೀಲ ಗುಲಾಬಿಯ ಕೈಗೆ ಬಂತು. ಅವಳು ಅದನ್ನು ಅತ್ತಿತ್ತ ತಿರುಗಿಸಿ, ಮುಚ್ಚಳ ತಿರುಚಿ, ಸೊಂಟಕ್ಕೆ ಹಿಡಿದು ಪರೀಕ್ಷಿಸಿದಳು. ಅರ್ಧ ಪಾಯಿಂಟು ನನ್ನದು, ಅದರಲ್ಲಿ ನನಗೇನಾದರೂ ಬೇಕೆಂದು ಹಟ ಹಿಡಿದಳು. ನನಗೇನೂ ಬೇಕಾಗಿರಲಿಲ್ಲ. ಕೂಪನ್ನು ಹಿಡಿದುಕೊಂಡು ಓಡುವ ನನಗೆ ಒಂದು ಮೆಡಿಕಲ್‌ನಲ್ಲಿ ಹೀಗಾದದ್ದು ಅದೇ ಮೊದಲು.

"ಇನ್ಮೇಲೆ ಈ ಹೆಣ್ಣಿನ್ ನಂಬರ್ ಹಾಕ್" ಎಂದಳು ಗುಲಾಬಿ, ಮೊಮ್ಮಗಳನ್ನು ತೋರಿಸಿ.

ಆಗ ನನಗೆ ಕಸಿವಿಸಿಯಾಯಿತು. ನ್ಯಾಯವಾದ ಮಾತು, ಆದರೂ ಬೇಡವೆನಿಸಿತು. "ಬ್ಯಾಡ, ನಂದೇ ಇರ್ಲಿ. ನೀ ಸೌಖ್ಯ ಇದ್ಯಾ ಇಲ್ಯಾ ಅಂದೇಳಿ ನಂಗ್ ಗೊತ್ತಾಯ್ಕ್" ಎಂದೆ.

"ಮತ್ತೆ ನಿಮ್ ಸುದ್ದಿ ನಂಗ್ ಗೊತ್ತಾಪುದ್ ಹ್ಯಾಂಗೆ?"

ಮೊಮ್ಮಗಳು ನಕ್ಕು, ತನ್ನ ನಂಬರನ್ನು ನನ್ನ ಕೈಗೆ ಬರೆದುಕೊಟ್ಟಳು.

ಈಗ ಬ್ರಹ್ಮಾವರದ ಅಂಗಡಿಯಲ್ಲಿ ನಾನು ಆ ನಂಬರು ಹೇಳುತ್ತೇನೆ. ಬೈಂದೂರಿನ ಅಂಗಡಿಯಲ್ಲಿ ಗುಲಾಬಿ ನನ್ನದು ಹೇಳುತ್ತಾಳೆ. ಇದರಲ್ಲಿ ಉಳಿತಾಯ ಎಲ್ಲಿದೆ ಎಂದು ಯಜಮಾನರು ಕೇಳಿದರು.

ಹೋದ ವಾರ ಅವರಿಗೆ ಜ್ವರ ಬಂತು. ಮಾತ್ರೆ ತಂದು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಹ್ವಾಯ್ ಶಾರದಕ್ಕ, ಯಾರಿಗೆ ಹುಷಾರಿಲ್ಲೆ?"

ಹೇಳಿದೆ. ಮಾತ್ರೆಯೊಂದನ್ನೇ ನಂಬಬಾರದು, ಕಾಳುಮೆಣಸು ಜೀರಿಗೆ ಹುರಿದು ಕಷಾಯ ಮಾಡಿ ಕುಡಿಸಬೇಕು, ಮೀನು ಎರಡು ದಿನ ಬೇಡ ಎಂದು ಬಹಳ ಹೊತ್ತು ಹೇಳಿದಳು. ಮೀನು ಮಾರಿ ಬದುಕಿದವಳೇ ಮೀನು ಬೇಡವೆಂದ ಮೇಲೆ ಮೀರುವುದುಂಟೇ? ಮಾತ್ರೆಯನ್ನೂ ಕಷಾಯವನ್ನೂ ಕೊಟ್ಟೆ. ಎರಡನೇ ದಿನ ಜ್ವರ ಬಿಟ್ಟಿತು. ಬಿಡಿಸಿದ್ದು ಮಾತ್ರೆಯೋ ಕಷಾಯವೋ ಎಂದು ಯಜಮಾನರು ಇನ್ನೂ ತರ್ಕ ಮಾಡುತ್ತಿದ್ದಾರೆ. ಮಾಡಲಿ. ಯಾವುದೇ ಆಗಿದ್ದರೂ ಪಾಯಿಂಟು ಗುಲಾಬಿಗೇ.